ನಾಟಕದ ಮಗಳು ಆಸ್ಪತ್ರೆಗೆ ಹೋದದ್ದು

ದೀಪಾವಳಿ ಕಳೆದು ಹೊಲಗಳಲ್ಲಿ ಹುರುಳಿ ಕೀಳುವ ಹೊತ್ತಿಗೆ ನಮ್ಮ ಬೀದಿನಾಟಕದ ತಂಡಕ್ಕೆ ಆರೋಗ್ಯ ಇಲಾಖೆಯ ಕೆಲಸ ಸಿಕ್ಕಿತು. ವಿಷಯ, ಯುವಜನರ ಮಾನಸಿಕ ಆರೋಗ್ಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಯುಗಾದಿಯೊಳಗೆ ಆಡಿ ಮುಗಿಸಬೇಕು. ಅದಕ್ಕೂ ಮೊದಲು ನಾವು ಡೆಂಗಿ ಆಡಿದ್ದೆವು, ಶೌಚಾಲಯ ಆಡಿದ್ದೆವು, ಮತದಾನವನ್ನೂ ಆಡಿದ್ದೆವು. ಡೆಂಗಿಯಲ್ಲಿ ನಾನು ಸೊಳ್ಳೆಯಾಗಿದ್ದೆ. ಈ ಸಲ ಬಡ್ತಿ ಸಿಕ್ಕಿ, ಮನಸ್ಸು ಸರಿಯಿಲ್ಲದ ಮಗಳ ಪಾತ್ರ ಬಂತು.

ತಂಡ ದೊಡ್ಡದಲ್ಲ. ಕಟ್ಟಿದವರು ಚನ್ನಪಟ್ಟಣದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದವರು; ನಾಟಕ ಕಲಿಸುತ್ತಿದ್ದುದರಿಂದ ನಮಗೆಲ್ಲ ಅವರು ಮೇಷ್ಟ್ರು. ಅಮ್ಮನ ಪಾತ್ರ ಮಾಡುತ್ತಿದ್ದ ಅಕ್ಕ ರಾಮನಗರದವರು. ಬಹಳ ವರ್ಷ ಗೂಡಿನಿಂದ ರೇಷ್ಮೆ ನೂಲು ತೆಗೆದು, ಬಿಸಿನೀರಿಗೆ ಬೆರಳೆಲ್ಲ ಬೆಂದು, ಆ ಕೆಲಸ ಬಿಟ್ಟಿದ್ದರು. ಡಾಕ್ಟರ್ ಪಾತ್ರದವನು ಚನ್ನಪಟ್ಟಣದ ಗೊಂಬೆ ಮಾಡುವ ಮುಸ್ಲಿಂ ಮನೆತನದವನು. ನಾಟಕವಿಲ್ಲದ ದಿನ ಮನೆಯಲ್ಲೇ ಕೂತು ಮರದ ಗೊಂಬೆಗಳಿಗೆ ಕಣ್ಣು, ಮೂಗು ಬರೆಯುತ್ತಿದ್ದ. ಇನ್ನೊಬ್ಬ ತಮಟೆಯವನು, ಮಂತ್ರವಾದಿಯ ಪಾತ್ರವೂ ಅವನದೇ. ನಾನು ಹೊಂಗನೂರಿನವಳು. ಬಿ.ಎ. ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿದರೆ ಮಾತು ಬದಲಾಯಿಸುವ ವಯಸ್ಸು.

ಬೀದಿನಾಟಕವೆಂದರೆ ಹೋದ ಕೂಡಲೇ ಶುರು ಮಾಡುವಂಥದ್ದಲ್ಲ. ಮೊದಲು ಪಂಚಾಯ್ತಿ ಆಫೀಸಿಗೆ ಹೋಗಿ ಬಂದಿದ್ದೇವೆಂದು ತಿಳಿಸಬೇಕು. ಆಮೇಲೆ ಜಾಗ ಹುಡುಕಬೇಕು. ಬಿಸಿಲು ನಮ್ಮ ಕಣ್ಣಿಗೆ ಹೊಡೆದರೂ ಚಿಂತೆಯಿಲ್ಲ, ನೋಡುವವರ ಕಣ್ಣಿಗೆ ಹೊಡೆಯಬಾರದು. ಹೊಡೆದರೆ ಹಿಂದಿನ ಸಾಲಿನವರು ಸದ್ದಿಲ್ಲದೆ ಕರಗಿಹೋಗುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಲು ಜನ ಬರುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಹಾಲು ಹಾಕಿದವರು ಖಾಲಿ ಕ್ಯಾನು ಹಿಡಿದು ಹಾಗೇ ನಿಲ್ಲುತ್ತಾರೆ. ತಮಟೆ ಬಾರಿಸಿ, ಕೂಗು ಹಾಕಿ, ಜನ ಸುತ್ತುಗಟ್ಟಿದ ಮೇಲೆ ಒಂದೊಂದು ಮಾತನ್ನೂ ಮೂರು ಕಡೆಗೆ ತಿರುಗಿ ಹೇಳಬೇಕು, ಇಲ್ಲದಿದ್ದರೆ ಬೆನ್ನ ಹಿಂದಿನವರಿಗೆ ಏನೂ ಕೇಳುವುದಿಲ್ಲ. ಕೊನೆಗೆ ಬ್ಯಾನರ್ ಹಿಡಿದು ಊರವರ ಜೊತೆ ಫೋಟೋ, ಪಂಚಾಯ್ತಿಯವರ ಸಹಿ.

ಇಲಾಖೆ ಕೊಟ್ಟ ನಾಟಕ ಹೀಗಿತ್ತು. ಮಗಳು ಪಿ.ಯು.ಸಿ.ಯಲ್ಲಿ ಫೇಲಾಗುತ್ತಾಳೆ. ಊಟ ಬಿಟ್ಟು ಮಲಗುತ್ತಾಳೆ. ಅಮ್ಮ ಮಂತ್ರವಾದಿಯ ಹತ್ತಿರ ಕರೆದೊಯ್ಯುತ್ತಾಳೆ. ಅಷ್ಟರಲ್ಲಿ ಡಾಕ್ಟರು ಎಲ್ಲಿಂದಲೋ ಬಂದು, “ಮಾನಸಿಕ ಕಾಯಿಲೆಯೂ ಇತರ ಕಾಯಿಲೆಗಳಂತೆಯೇ ಒಂದು ಕಾಯಿಲೆ, ಹಿಂಜರಿಯದೆ ಸೂಕ್ತ ಚಿಕಿತ್ಸೆ ಪಡೆಯಿರಿ” ಎಂದು ಶುರುಮಾಡಿ ಒಂದು ಪುಟ ಭಾಷಣ ಮಾಡುತ್ತಾರೆ. ಮಗಳು ಎದ್ದು ನಗುತ್ತಾಳೆ. ಎಲ್ಲರೂ ಹಾಡುತ್ತಾರೆ. ಡಾಕ್ಟರ್ ಪಾತ್ರದವನು ಆ ಭಾಷಣವನ್ನು ಗೊಂಬೆಗೆ ಬಣ್ಣ ಹಾಕುತ್ತಲೇ ಬಾಯಿಪಾಠ ಮಾಡಿಕೊಂಡಿದ್ದ. ಎಲ್ಲೂ ತಪ್ಪದೆ ಒಪ್ಪಿಸುತ್ತೇನೆಂದು ಅವನಿಗೆ ಬಹಳ ಹೆಮ್ಮೆ.

ಮೊದಲ ಪ್ರದರ್ಶನ ಬಿಡದಿಯಲ್ಲಿ. ಕಾರ್ಖಾನೆಯ ಪಾಳಿ ಮುಗಿಸಿ ರೈಲಿಗೆ ಹೊರಟವರು, ತಟ್ಟೆ ಇಡ್ಲಿ ತಿಂದು ಕೈ ತೊಳೆಯುತ್ತಿದ್ದವರು, ಎಲ್ಲ ಸೇರಿ ಜನ ಚೆನ್ನಾಗಿಯೇ ನಿಂತರು. ಮಂತ್ರವಾದಿ ಬಂದಾಗ ನಕ್ಕರು. ಡಾಕ್ಟರ ಭಾಷಣ ಶುರುವಾಗುತ್ತಿದ್ದಂತೆ ಒಬ್ಬೊಬ್ಬರೇ ಮೊಬೈಲ್ ತೆಗೆದರು, ರೈಲಿನ ಸದ್ದು ಕೇಳಿದ್ದೇ ತಡ, ಡಾಕ್ಟರ ಎದುರು ನಾವೇ ಉಳಿದೆವು. ಫೋಟೋಗೆ ಜನ ಸಾಲದೆ ಇಡ್ಲಿ ಹೋಟೆಲಿನವರನ್ನು ಕರೆದು ನಿಲ್ಲಿಸಿಕೊಂಡೆವು.

ಇದರ ನಡುವೆ ನನ್ನದೊಂದು ಬೇರೆಯೇ ಕಥೆ ನಡೆಯುತ್ತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಆ ಮಳೆಗಾಲದಿಂದ ನನಗೆ ಬೆಳಗಿನ ಜಾವ ಎಚ್ಚರವಾಗಿಬಿಡುತ್ತಿತ್ತು. ಎಚ್ಚರವಾದ ಕೂಡಲೇ ಎದೆ ಡವಡವ. ಏನೋ ಆಗಿಬಿಡುತ್ತದೆ ಎಂಬ ಭಯ. ಏನು ಎಂದು ಕೇಳಿಕೊಂಡರೆ ಉತ್ತರವಿಲ್ಲ. ಬಸ್ಸಿನಲ್ಲಿ ಜನ ತುಂಬಿದರೆ ಉಸಿರು ಕಟ್ಟಿದಂತಾಗಿ ಯಾವುದೋ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ. ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಬರುವಷ್ಟರಲ್ಲಿ ಎರಡು ಬಸ್ಸು ಹತ್ತಿದ ದಿನವೂ ಉಂಟು. ವಿಚಿತ್ರವೆಂದರೆ ನಾಟಕದ ಸುತ್ತಿನೊಳಗೆ ನಿಂತರೆ ಏನೂ ಆಗುತ್ತಿರಲಿಲ್ಲ. ಆ ಹುಡುಗಿ ಫೇಲಾಗಿದ್ದಳು, ಅವಳಿಗೆ ಅಳಲು ಒಂದು ಕಾರಣವಿತ್ತು. ನಾನು ಯಾವುದರಲ್ಲೂ ಫೇಲಾಗಿರಲಿಲ್ಲ. ಮನೆಯಲ್ಲಿ ಜಗಳವಿಲ್ಲ, ಪ್ರೀತಿ ಪ್ರೇಮದ ಗೋಜಿಲ್ಲ. ಕಾರಣವೇ ಇಲ್ಲದ ಮೇಲೆ ಯಾರ ಹತ್ತಿರ ಏನೆಂದು ಹೇಳಿಕೊಳ್ಳುವುದು? ಅವ್ವನಿಗೆ ಹೇಳಿದರೆ ನಾಟಕ ಬಿಡಿಸುತ್ತಾಳೆ ಎಂಬುದೂ ಒಂದಿತ್ತು.

ಕನಕಪುರದಿಂದ ದಕ್ಷಿಣಕ್ಕೆ ಇಳಿದು ಉಯ್ಯಂಬಳ್ಳಿಗೆ ಹೋದದ್ದು ಆಮೇಲೆ. ಅಲ್ಲಿ ಜನ ಕೊನೆಯವರೆಗೂ ಕೂತರು, ಬಸ್ಸು ಇರಲಿಲ್ಲವೆಂಬುದೂ ಒಂದು ಕಾರಣ. ಹಾಡು ಮುಗಿದು ನಾವು ಬ್ಯಾನರ್ ಸುತ್ತುತ್ತಿದ್ದಾಗ ಒಬ್ಬ ಯುವಕ ಹತ್ತಿರ ಬಂದ. ನನ್ನ ವಯಸ್ಸಿನವನೇ. ಬೈಕಿನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿದ್ದ. ಡಾಕ್ಟರ್ ಪಾತ್ರದವನನ್ನು ನೇರವಾಗಿ ಕೇಳಿದ.

“ಸಾ, ಆ ಡಾಕ್ಟ್ರು ಎಲ್ ಕೂತ್ಕೋತಾರೆ?”

ಅವನು ಬಿಳಿ ಕೋಟು ಬಿಚ್ಚುತ್ತ, “ಯಾವ ಡಾಕ್ಟ್ರು?” ಎಂದ.

“ನೀವ್ ಯೋಳುದ್ರಲ್ಲ, ಸೂಕ್ತ ಚಿಕಿತ್ಸೆ ಅಂತ. ಅದು ಎಲ್ ಕೊಡ್ತಾರೆ?”

ಮೇಷ್ಟ್ರು ಮಧ್ಯೆ ಬಂದು, “ಟೌನ್ಗೋಗಪ್ಪ, ದೊಡ್ಡಾಸ್ಪತ್ರೇಲಿ ಇರ್ತಾರೆ” ಎಂದರು.

“ಓಗಿದ್ದೆ ಸಾ. ಚೀಟಿ ಬರೆಯೋರು ಏನ್ ಕಾಯ್ಲೆ ಅಂತ ಎಲ್ರೆದುರೂ ಕೂಗುದ್ರು. ನಮ್ಮೂರೋರು ಇಬ್ರು ಇಂದೆ ನಿಂತಿದ್ರು. ಒಟ್ಟೆನೋವು ಅಂದ್ಬುಟ್ಟು ಮಾತ್ರೆ ಇಸ್ಕೊಂಡ್ ಬಂದೆ.”

ಅವನು ನಗುತ್ತಲೇ ಹೇಳಿದ, ನಮಗೂ ನಗು ಬಂತು. ಆದರೆ ಅವನು ಉತ್ತರಕ್ಕಾಗಿ ಇನ್ನೂ ನಿಂತಿದ್ದ. “ಅಲ್ಲಿ ಯೋಳಿದ್ದು ನಮ್ಮ ಮನೇರ್ಗೆ ಗೊತ್ತಾಯ್ತದಾ?” ಎಂದು ಇನ್ನೊಂದು ಕೇಳಿದ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬಂದು ಹೇಳುತ್ತೇವೆ ಎಂದೆ. ಅವನ ನಂಬರು ಬರೆದುಕೊಂಡೆ.

ವಾಪಸ್ ಬರುವಾಗ ಟೆಂಪೊದಲ್ಲಿ ವಾದವಾಯಿತು. ಆಡುವುದಷ್ಟೇ ನಮ್ಮ ಕೆಲಸ, ಆಸ್ಪತ್ರೆಯದು ಆಸ್ಪತ್ರೆಯವರಿಗೆ ಎಂದರು ಮೇಷ್ಟ್ರು. “ಡೆಂಗಿ ಆಡ್ದಾಗ ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತೆ ಅಂತ ತೋರಿಸಿದ್ವಿ ಮೇಷ್ಟ್ರೇ” ಎಂದೆ. “ಇಲ್ಲಿ ಡಾಕ್ಟ್ರು ಎಲ್ಲಿ ಕೂರ್ತಾರೆ ಅಂತಾನೇ ನಮಗೆ ಗೊತ್ತಿಲ್ಲ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ, ರೋಗಿ ಥರಾನೇ.” ನಾಟಕಕ್ಕಾಗಿ ಹೇಳುತ್ತಿದ್ದೇನೆ ಎಂದೇ ನಾನೂ ನಂಬಿದ್ದೆ. ಅಕ್ಕ ಕೂಡಲೇ, “ಒಬ್ಳೇ ಯಾಕೆ ಓಯ್ತೀಯೆ, ಅವ್ವ ನಾನಿಲ್ವಾ” ಎಂದು ಹೊರಟು ನಿಂತರು.

ನಾವು ಹೋದ ಆಸ್ಪತ್ರೆ ಯಾವ ಊರಿನದೆಂದು ಹೇಳುವುದಿಲ್ಲ. ಪರಿಚಯದವರು ಸಿಗದಿರಲಿ ಎಂದು ನನ್ನ ತಾಲ್ಲೂಕು ಬಿಟ್ಟು ಆರಿಸಿದ್ದೆ, ಅಷ್ಟು ಸಾಕು. ಚೀಟಿ ಕೊಡುವ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಒಳಗಿನವರು ತಲೆ ಎತ್ತದೆ, “ಏನು?” ಎಂದರು. ನಾನು ಕಿಟಕಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ, “ಮನಸ್ಸು…” ಎಂದೆ.

“ಮಾನಸ. ವಯಸ್ಸು?”

ವಯಸ್ಸು ಹೇಳಿದೆ. ಚೀಟಿ ಕೈಗೆ ಬಂತು. ಹೆಸರು ಮಾನಸ, ಕಾಯಿಲೆ ಎಂಬಲ್ಲಿ ಏನೂ ಇಲ್ಲ. ತಿದ್ದಿಸೋಣವೆಂದರೆ ಹಿಂದಿನವರು ಆಗಲೇ ಕೈ ಚಾಚಿದ್ದರು.

ಅಕ್ಕ ಅಷ್ಟರಲ್ಲಿ ಪಾತ್ರಕ್ಕೆ ಇಳಿದುಬಿಟ್ಟಿದ್ದರು. ಸೆರಗನ್ನು ಬಾಯಿಗೆ ಇಟ್ಟುಕೊಂಡು, ನಾಟಕದಲ್ಲಿ ಮೂರು ಕಡೆಗೆ ತಿರುಗುವಂತೆಯೇ ತಿರುಗಿ, “ನನ್ ಮಗಳು ಊಟ ಬುಟ್ಟವ್ಳೆ ಕನ್ರಪ್ಪ” ಎಂದು ಶುರುಮಾಡಿದರು. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡಿದರು. ಒಬ್ಬ ಅಜ್ಜಿ ತನ್ನ ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು. ಅಕ್ಕನ ತೋಳು ಹಿಡಿದು ಎಳೆದುಕೊಂಡು ಹೋದೆ.

ಮೊದಲು ಕೂತ ಸಾಲು ಹಲ್ಲಿನದು ಎಂದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು. ಅಲ್ಲಿಂದ ಸಾಮಾನ್ಯ ವೈದ್ಯರ ಕೋಣೆಗೆ ಹೋದೆವು. ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿದ್ದಕ್ಕೆ ಇಸಿಜಿ ಮಾಡಿಸಿದರು. ನಾರ್ಮಲ್ ಬಂತು. ಗ್ಯಾಸ್ಟ್ರಿಕ್ ಇರಬಹುದು ಎಂದು ಮಾತ್ರೆ ಬರೆದರು. ಮನಸ್ಸಿನ ಡಾಕ್ಟರು ಎಲ್ಲಿ ಎಂದು ಅಕ್ಕ ಕೇಳಿದ್ದಕ್ಕೆ, “ಮಂಗಳವಾರ ಬರ್ತಾರೆ. ಕೌನ್ಸೆಲರ್ ದಿನಾ ಇರ್ತಾರೆ, ಆ ಕಡೆ ಹೋಗಿ” ಎಂದು ಕೈ ತೋರಿಸಿದರು. ಆ ಕಡೆ ಹೋದರೆ ಲಸಿಕೆಯ ಕೋಣೆ, ಅದರಾಚೆ ಸ್ಟೋರು, ಅದರಾಚೆ ಗೋಡೆ. ಎರಡು ಸಲ ಹೋಗಿ ಬಂದೆವು. ಅಕ್ಕನಿಗೆ ಕಾಲುನೋವು. ಗೋಡೆಯ ಪಕ್ಕ ತೆರೆದಿಟ್ಟಿದ್ದ ಒಂದು ಬಾಗಿಲ ಹಿಂದೆ ಸ್ಟೂಲು ಕಂಡು, ಕೂರಲು ಜಾಗ ಮಾಡಿಕೊಳ್ಳೋಣವೆಂದು ಬಾಗಿಲನ್ನು ಎಳೆದರು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಆಪ್ತ ಸಮಾಲೋಚನಾ ಕೊಠಡಿ. ಬಾಗಿಲು ಮುಚ್ಚಿದರೆ ಮಾತ್ರ ಕಾಣುವ ಬೋರ್ಡು. ಒಳಗೆ ಜನ ಇರುವಷ್ಟು ಹೊತ್ತೂ ಅದು ಗೋಡೆಗೆ ಮುಖ ಮಾಡಿಕೊಂಡಿರುತ್ತಿತ್ತು.

ಒಳಗಿದ್ದ ಸಮಾಲೋಚಕಿ ನನಗಿಂತ ಐದಾರು ವರ್ಷ ದೊಡ್ಡವರು ಇರಬಹುದು. ಡಬ್ಬಿಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದವರು ಮುಚ್ಚಿಟ್ಟು, ನನ್ನ ಚೀಟಿ ನೋಡಿ, “ಬನ್ನಿ ಮಾನಸ” ಎಂದರು. ಅಕ್ಕ ಪಾತ್ರದ ಮಾತು ಶುರುಮಾಡುತ್ತಿದ್ದಂತೆ, “ಅಮ್ಮ, ನೀವು ಒಂದು ಸ್ವಲ್ಪ ಹೊರಗೆ ಕೂತಿರಿ, ಆಮೇಲೆ ಕರೀತೀನಿ” ಎಂದು ನಗುತ್ತಲೇ ಕಳುಹಿಸಿದರು.

ನಾನು ನಾಟಕದ ಮಾತನ್ನೇ ಒಪ್ಪಿಸಿದೆ. ಪರೀಕ್ಷೆ ಫೇಲಾಯಿತು, ಊಟ ಸೇರುವುದಿಲ್ಲ, ಬದುಕು ಕತ್ತಲಾಗಿದೆ.

“ಯಾವ ಸಬ್ಜೆಕ್ಟ್ ಹೋಯ್ತು?” ಎಂದರು ಅವರು.

ನಾಟಕದಲ್ಲಿ ಅದು ಇರಲಿಲ್ಲ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎಕನಾಮಿಕ್ಸ್ ಎನ್ನಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ನಾವು ನಾಟಕದವರು, ಉಯ್ಯಂಬಳ್ಳಿ ಕಡೆ ಒಬ್ಬರು ಹೀಗೆ ಕೇಳಿದರು, ನೋಡಿಕೊಂಡು ಹೋಗಲು ಬಂದೆವು, ಹೊರಗೆ ಕೂತಿರುವವರು ನನ್ನ ಅಮ್ಮ ಅಲ್ಲ, ನನ್ನ ಹೆಸರು ಮಾನಸ ಅಲ್ಲ, ಎಲ್ಲ ಹೇಳಿದೆ. ಅವರಿಗೂ ನಗು ತಡೆಯಲಾಗಲಿಲ್ಲ. ಬೈಯಲಿಲ್ಲ. ಚೀಟಿ ಹೇಗೆ ಮಾಡಿಸಬೇಕು, ಕಿಟಕಿಯಲ್ಲಿ ಕಾಯಿಲೆಯ ಹೆಸರು ಹೇಳದೆ ಬರೀ ‘ಕೌನ್ಸೆಲಿಂಗ್ ರೂಮು’ ಎಂದರೆ ಸಾಕು, ಇಲ್ಲಿ ಹೇಳಿದ್ದು ಮನೆಯವರಿಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಎನ್ನುವಂತಿದ್ದರೆ ಮಾತ್ರ ಯಾರಿಗೆ ಹೇಳಬೇಕೆಂದು ಆ ವ್ಯಕ್ತಿಯ ಜೊತೆಗೇ ಮಾತಾಡಿ ಹೇಳುತ್ತೇವೆ, ಎಂದೆಲ್ಲ ನಿಧಾನವಾಗಿ ವಿವರಿಸಿದರು. ಬರಲಾಗದವರಿಗೆ ಫೋನಿನಲ್ಲಿ ಮಾತಾಡುವ ಉಚಿತ ಸಹಾಯವಾಣಿಯೂ ಇದೆ ಎಂದರು. ನಾನು ಎಲ್ಲವನ್ನೂ ಕೇಳಿಕೊಂಡು ಏಳುವುದರಲ್ಲಿದ್ದೆ.

“ಸರಿ, ನಾಟಕದ ಹುಡುಗಿ ವಿಷಯ ಆಯ್ತು” ಎಂದರು. “ಎದೆ ಹೊಡ್ಕೊಳ್ಳೋದು ಯಾರಿಗೆ? ಈ ಇಸಿಜಿ ನಾಟಕದ್ದಲ್ವಲ್ಲ.”

ಕಾಗದ ನನ್ನ ಕೈಯಲ್ಲೇ ಇತ್ತು. ಮತ್ತೆ ಕೂತೆ. “ನನಗೆ ಕಾರಣ ಏನೂ ಇಲ್ಲ ಮೇಡಂ” ಎಂದೆ.

“ಕಾರಣ ತಗೊಂಡೇ ಬರಬೇಕು ಅಂತ ಇಲ್ಲಿ ರೂಲ್ಸ್ ಇಲ್ಲ. ನಿದ್ದೆ ಹೇಗೆ ಬರುತ್ತೆ, ಏನಾಗುತ್ತೆ ಅಂತ ಹೇಳಿ, ಸಾಕು.”

ಹೇಳಿದೆ. ಬೆಳಗಿನ ಜಾವದ್ದು, ಬಸ್ಸಿನದ್ದು, ಇಳಿದು ನಡೆದದ್ದು. ಹೇಳುತ್ತ ಹೋದಂತೆ ಅಳು ಬಂತು, ನಾಟಕದಲ್ಲಿ ಅಳುವುದಕ್ಕಿಂತ ಬಹಳ ಕೆಟ್ಟದಾಗಿ, ಮೂಗು ಸೋರುತ್ತ. ಅವರು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಇದಕ್ಕೊಂದು ಹೆಸರಿದೆ, ನಿಮ್ಮ ವಯಸ್ಸಿನ ಬಹಳ ಜನರಿಗೆ ಆಗುತ್ತದೆ, ಸರಿ ಮಾಡಿಕೊಳ್ಳಬಹುದು ಎಂದರು. ಮಂಗಳವಾರ ಮನೋವೈದ್ಯರನ್ನು ನೋಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅಲ್ಲಿಂದ ಮುಂದೆ ನೋಡೋಣ.

ಹೊರಗೆ ಬಂದಾಗ ಅಕ್ಕ ಸ್ಟೂಲಿನ ಮೇಲೆ ಅಜ್ಜಿಯ ಬಾಳೆಹಣ್ಣು ತಿಂದು ಸಿಪ್ಪೆ ಹಿಡಿದು ಕೂತಿದ್ದರು. ನನ್ನ ಮುಖ ನೋಡಿದರು. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಕೇಳಿದರು.

“ಅಷ್ಟೊತ್ತೂ ನಾಟ್ಕದ್ ಇಚಾರನೇ ಮಾತಾಡುದ್ರಾ?”

“ಇಲ್ಲ ಅಕ್ಕ.”

“ಸರಿ ಬುಡು” ಎಂದು ನನ್ನನ್ನು ಕಿಟಕಿಯ ಪಕ್ಕಕ್ಕೆ ಸರಿಸಿ ಕೂರಿಸಿದರು.

ಮಂಗಳವಾರ ಹೋದರೆ ಮನೋವೈದ್ಯರು ಬಂದಿರಲಿಲ್ಲ, ಬೇರೆ ಕಡೆ ಕ್ಯಾಂಪ್ ಇತ್ತಂತೆ. ಮುಂದಿನ ಮಂಗಳವಾರ ಸಿಕ್ಕರು. ರಕ್ತ ಪರೀಕ್ಷೆ ಸರಿಯಿತ್ತು. ಸದ್ಯಕ್ಕೆ ಮಾತ್ರೆ ಬೇಡ, ಸಮಾಲೋಚನೆಗೆ ಬನ್ನಿ, ಕಡಿಮೆಯಾಗದಿದ್ದರೆ ನೋಡೋಣ ಎಂದರು. ಹಾಗೆ ವಾರಕ್ಕೊಮ್ಮೆ ಹೋಗತೊಡಗಿದೆ. ಅಲ್ಲಿ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸಲು ಹೋಗಬಾರದು, ಅದು ತನ್ನ ಪಾಡಿಗೆ ಏರಿ ತನ್ನ ಪಾಡಿಗೆ ಇಳಿಯುತ್ತದೆ. ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಿರಲಿ. ಬಸ್ಸಿನಿಂದ ಇಳಿಯಬೇಕು ಎನಿಸಿದಾಗ ಇನ್ನೊಂದು ಸ್ಟಾಪ್ ಮಾತ್ರ ಕೂತು ನೋಡುವುದು. ಮುಂದೇನು ಎಂದು ಯಾರಾದರೂ ಕೇಳಿದರೆ ನನ್ನೊಳಗೆ ಏನಾಗುತ್ತದೆ ಎಂದೂ ಮಾತಾಡಿದೆವು. ಕಾರಣವೇ ಇಲ್ಲ ಎಂದುಕೊಂಡಿದ್ದವಳಿಗೆ ಆ ಪ್ರಶ್ನೆಯ ಸುತ್ತ ಎಷ್ಟೊಂದು ಕಟ್ಟಿಕೊಂಡಿದೆ ಎಂದು ಆಗ ತಿಳಿಯಿತು.

ಕೆಲವು ವಾರ ಚೆನ್ನಾಗಿ ಹೋಯಿತು. ಎಲ್ಲ ಮುಗಿಯಿತು ಎಂದುಕೊಂಡೆ. ಆಮೇಲೊಂದು ದಿನ ಮಾಗಡಿ ಕಡೆಯ ಬಸ್ಸಿನಲ್ಲಿ ಮೊದಲಿಗಿಂತ ಜೋರಾಗಿ ಬಂತು. ಕಲಿತದ್ದೆಲ್ಲ ಮರೆತುಹೋಗಿ, ಇಳಿದು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನಿಂದ ಆಗುವುದಿಲ್ಲ ಎನಿಸಿತು. ಆ ವಾರ ಆಸ್ಪತ್ರೆಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ತಪ್ಪಿಸುವುದರಲ್ಲಿದ್ದೆ. ಅಕ್ಕ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದರು.

“ಚೀಟಿ ಮಾಡ್ಸಕೆ ನಿನ್ ಜೊತೇಲಿ ಸಾಲಲ್ಲಿ ನಿಂತೋಳು ನಾನು. ನೀನ್ ಬುಟ್ಬುಟ್ರೆ ನನ್ ಕಾಲುನೋವ್ಗೆ ಏನ್ ಬೆಲೆ? ನಡಿ.”

ಸಮಾಲೋಚಕಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಇಳಿದ ಮೇಲೆ ಮನೆಗೆ ಹೇಗೆ ಹೋದ್ರಿ?” ಎಂದು ಕೇಳಿದರು. “ಮುಂದಿನ ಬಸ್ ಹತ್ತಿ” ಎಂದೆ. “ಮತ್ತೆ ಹತ್ತಿದ್ರಲ್ಲ, ನನಗೆ ಅದು ಮುಖ್ಯ” ಎಂದರು.

ಈ ನಡುವೆ ನಾಟಕ ಹಾಗೇ ನಡೆಯುತ್ತಿತ್ತು. ನಾನು ಫೇಲಾಗುತ್ತಿದ್ದೆ, ಡಾಕ್ಟರು ಬರುತ್ತಿದ್ದರು, ಭಾಷಣಕ್ಕೆ ಜನ ಏಳುತ್ತಿದ್ದರು. ನನಗೆ ಆ ಹುಡುಗಿಯಾಗಿ ಎದ್ದು ನಗುವುದೇ ಕಷ್ಟವಾಗತೊಡಗಿತು. ಒಂದು ಭಾಷಣ ಕೇಳಿ ಯಾರೂ ಹಾಗೆ ಏಳುವುದಿಲ್ಲವೆಂದು ಈಗ ಗೊತ್ತಿತ್ತಲ್ಲ. ಒಂದು ದಿನ ತಂಡವೆಲ್ಲ ಕೂತಿದ್ದ ಮೇಷ್ಟ್ರ ಅಂಗಡಿಯಲ್ಲಿ, ಅವರು ಯಾರದೋ ಪ್ಯಾಂಟಿಗೆ ಜಿಪ್ ಹಾಕುತ್ತಿದ್ದಾಗ, ಮಾತು ತೆಗೆದೆ. ಮಂತ್ರವಾದಿ ಬೇಡ, ಭಾಷಣ ಬೇಡ. ನಾನೂ ಅಕ್ಕನೂ ಆಸ್ಪತ್ರೆಗೆ ಹೋದದ್ದನ್ನೇ ಆಡೋಣ.

“ಇಲಾಖೆ ಒಪ್ಪಿಸಿರೋ ನಾಟಕ ಅದು” ಎಂದರು ಮೇಷ್ಟ್ರು. “ಬದಲಾಯಿಸಿದ್ರೆ ಮುಂದಕ್ಕೆ ಕೆಲಸಾನೇ ಕೊಡಲ್ಲ. ಅದೂ ಅಲ್ದೆ ಆಸ್ಪತ್ರೆಗೆ ಹೋಗಿ ಸಾಲಲ್ಲಿ ನಿಂತ್ಕೊಳ್ಳೋದ್ರಲ್ಲಿ ಏನು ನಾಟಕ ಇದೆ?”

ಅಕ್ಕ ಎದ್ದು ನಿಂತು, ಹೊಲಿಗೆ ಮಿಷಿನ್ನನ್ನೇ ಚೀಟಿಯ ಕಿಟಕಿ ಮಾಡಿಕೊಂಡು, ಅಂದಿನದನ್ನು ಮಾಡಿ ತೋರಿಸಿದರು. ‘ಮಾನಸ, ವಯಸ್ಸು?’ ಎಂದಾಗ ಪ್ಯಾಂಟಿಗಾಗಿ ಕಾಯುತ್ತಿದ್ದ ಗಿರಾಕಿ ಬಿದ್ದು ಬಿದ್ದು ನಕ್ಕ. ಹಲ್ಲಿನ ಸಾಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಸೂಜಿ ಕೆಳಗಿಟ್ಟಿದ್ದರು. ಬಾಗಿಲ ಹಿಂದಿನ ಬೋರ್ಡು ಬಂದಾಗ ಅವರೇ ಎದ್ದು ಬಾಗಿಲಾದರು.

ತಕರಾರು ಎದ್ದದ್ದು ಡಾಕ್ಟರ್ ಪಾತ್ರದವನಿಂದ. “ಅಷ್ಟು ಕಷ್ಟಪಟ್ಟು ಕಲ್ತಿದೀನಿ ಅಕ್ಕ. ಪೂರಾ ತೆಗೆದುಬಿಟ್ರೆ ನಾನು ಕೋಟು ಯಾಕೆ ಹಾಕ್ಬೇಕು?” ಎಂದ. ಅವನಿಗೆ ಚೀಟಿ ಬರೆಯುವವರ ಪಾತ್ರ ಕೊಟ್ಟೆವು. ತಲೆ ಎತ್ತದೆ ಮಾತಾಡುವುದನ್ನು ಅವನು ಗೊಂಬೆಗೆ ಕಣ್ಣು ಬರೆಯುವಾಗಿನ ಅಭ್ಯಾಸದಿಂದಲೇ ಎಷ್ಟು ಚೆನ್ನಾಗಿ ಮಾಡಿದನೆಂದರೆ, ಎರಡನೆಯ ದಿನಕ್ಕೆ ಕೋಟಿನ ಮಾತೇ ಎತ್ತಲಿಲ್ಲ. ಸಮಾಲೋಚಕಿ ಬಂದು ಒಮ್ಮೆ ನೋಡಿದರು. ಕೋಣೆಯೊಳಗಿನ ಮಾತು ಕಡಿಮೆ ಮಾಡಿ, ಮಗಳು ಒಂದೇ ಸಲಕ್ಕೆ ಗುಣವಾಗುವುದು ಬೇಡ, ಮುಂದಿನ ವಾರ ಬರುತ್ತೇನೆ ಎಂದು ಹೊರಡಲಿ ಎಂದರು.

ಹೊಸ ನಾಟಕವನ್ನು ಮೊದಲು ಆಡಿದ್ದು ಉಯ್ಯಂಬಳ್ಳಿಯಲ್ಲೇ. ಇಲಾಖೆಯ ಪಟ್ಟಿಯಲ್ಲಿ ಇಲ್ಲದ ಪ್ರದರ್ಶನ. ಮೇಷ್ಟ್ರು ಪಂಚಾಯ್ತಿಯವರಿಗೆ ‘ಒಂದು ಸಲ ಮರುಪ್ರದರ್ಶನ’ ಎಂದು ಹೇಳಿ ಒಪ್ಪಿಸಿದರು. ಆ ಯುವಕನಿಗೆ ಫೋನ್ ಮಾಡಿದ್ದೆ. ಬೈಕಿನ ಮೇಲೆ ಕೂತೇ ನೋಡಿದ. ಹೊಟ್ಟೆನೋವಿನ ಮಾತ್ರೆ ಇಸಿದುಕೊಳ್ಳುವ ಒಂದು ಪ್ರಸಂಗವನ್ನೂ ಸೇರಿಸಿದ್ದೆವು, ಅದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಮುಗಿದ ಮೇಲೆ ಹತ್ತಿರ ಬಂದ.

“ಬಾಗ್ಲು ಗೊತ್ತಾಯ್ತು ಕಣಕ್ಕ” ಎಂದ. “ಆದ್ರೂ ಒಸಿ ಇದಾಯ್ತದೆ. ಒಳೀಕೋದ್ಮೇಲೆ ಏನ್ ಕೇಳ್ತಾರೋ.”

ನನ್ನ ಹಿಂದೆ ಎಲ್ಲರೂ ಇದ್ದರು, ಮೇಷ್ಟ್ರು, ತಮಟೆಯವನು, ಎಲ್ಲ. ಅವರಿಗೂ ಕೇಳುವಂತೆಯೇ ಹೇಳಿದೆ. “ನಾನು ಪ್ರತಿ ವಾರ ಹೋಗ್ತಾ ಇದೀನಿ. ನಾಟಕಕ್ಕಲ್ಲ, ನನಗೇ. ಮೊದಲನೇ ದಿನ ನಿದ್ದೆ ಹೇಗೆ ಬರುತ್ತೆ ಅಂತ ಕೇಳಿದ್ರು. ಅಷ್ಟೇ.”

ತಮಟೆಯವನು ಕೈಯಲ್ಲಿದ್ದ ಕೋಲು ಕೆಳಗಿಟ್ಟ. ಮೇಷ್ಟ್ರು ಬೇರೆಲ್ಲೋ ನೋಡಿದರು. ಯುವಕ ಮಾತ್ರ ನನ್ನನ್ನೇ ನೋಡುತ್ತ, “ನಿದ್ದೆ ನಂಗೂ ಬರಕಿಲ್ಲ” ಎಂದ.

“ನಿಂಗೂ ನಾನೇ ಅವ್ವ ಆಯ್ತೀನಿ ಬಾ ಮಗ, ಕರ್ಕೊಂಡ್ ಓಯ್ತೀನಿ” ಎಂದರು ಅಕ್ಕ.

ಅವನು ನಕ್ಕ. “ಬ್ಯಾಡ ಕಣಕ್ಕ. ನೀವ್ ಬಂದ್ರೆ ಆಸ್ಪತ್ರೆಯೋರೆಲ್ಲ ಸೇರ್ಕೊಂಡು ನಾಟ್ಕ ನೋಡ್ತಾರೆ. ನಾನೇ ಓಯ್ತೀನಿ.” ಎರಡು ವಾರ ಕಳೆದು ಅವನಿಂದ ಒಂದು ಮೆಸೇಜು ಬಂತು. ಹೋಗಿ ಬಂದೆ, ಮಂಗಳವಾರ ಡಾಕ್ಟರನ್ನೂ ನೋಡಿದೆ, ಮಾತ್ರೆ ಕೊಟ್ಟಿದ್ದಾರೆ, ಇದು ಹೊಟ್ಟೆನೋವಿನದಲ್ಲ, ಎಂದು ಬರೆದಿದ್ದ.

ಆ ಮರುಪ್ರದರ್ಶನದ ದಿನ ವಾಪಸ್ ಬರುವಾಗ, ಟೆಂಪೊ ಕನಕಪುರ ದಾಟಿದ ಮೇಲೆ ತಮಟೆಯವನು, “ಅದಕ್ಕೇನಾ ನೀನು ಯಾವಾಗ್ಲೂ ಮುಂದಿನ್ ಸೀಟೇ ಕೇಳ್ತಿದ್ದಿದ್ದು? ನಾನು ಜಂಬ ಅಂದ್ಕೊಂಡಿದ್ದೆ ಕಣವ್ವ” ಎಂದ. ಎಲ್ಲರೂ ನಕ್ಕರು, ನಾನೂ.

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಡುತ್ತಿದ್ದಾಗ ಇಲಾಖೆಯ ಅಧಿಕಾರಿ ಹೇಳದೆ ಕೇಳದೆ ಬಂದರು. ಜೀಪಿಗೆ ಒರಗಿ ನಿಂತರು. ಸುತ್ತಿನ ಮಧ್ಯದಿಂದಲೇ ಮೇಷ್ಟ್ರ ಮುಖ ಬಿಳಿಚಿಕೊಂಡದ್ದು ಕಂಡಿತು. ನಿಲ್ಲಿಸುವಂತಿರಲಿಲ್ಲ, ಆಡಿದೆವು. ಜನ ನಗುತ್ತಿದ್ದರು. ಕೋಣೆಯೊಳಗೆ ಮಗಳು ಮೊದಲ ಸಲ ನಿಜ ಹೇಳುವ ಜಾಗದಲ್ಲಿ ಹಾಲಿನ ಕ್ಯಾನು ಹಿಡಿದವರೂ ಸುಮ್ಮನಾದರು. ಮುಗಿದ ಮೇಲೆ ಅಧಿಕಾರಿ ಮೇಷ್ಟ್ರನ್ನು ಕರೆದರು.

“ನಾವು ಕೊಟ್ಟಿದ್ದ ಸ್ಕ್ರಿಪ್ಟು ಎಲ್ಲಿ?”

“ಕೊನೇ ಹಾಡು ಅದೇ ಸರ್.”

“ಡಾಕ್ಟರ ಮಾತು?”

“ಅದಕ್ಕೆ ಜನ ಎದ್ದು ಹೋಗ್ತಿದ್ರು ಸರ್.”

ಅಧಿಕಾರಿ ಇನ್ನೂ ಚೆದುರದೆ ನಿಂತಿದ್ದ ಜನರ ಕಡೆ ನೋಡಿದರು. ಆಸ್ಪತ್ರೆಯನ್ನು ಹೀಗೆ ನಗೆಪಾಟಲು ಮಾಡಬಾರದು ಎಂದರು. ಚೀಟಿ ಬರೆಯುವವರಿಗೂ ದಿನಕ್ಕೆ ಎಷ್ಟು ಜನ ಗೊತ್ತಾ ಎಂದರು. ಅದು ನ್ಯಾಯವೇ. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, “ಆ ಬಾಗಿಲ ಬೋರ್ಡು ನಿಜವಾ?”

“ನಿಜ ಸರ್” ಎಂದು ಆಸ್ಪತ್ರೆಯ ಹೆಸರನ್ನೂ ಹೇಳಿದೆ.

ಅಧಿಕಾರಿ ಜೀಪು ಹತ್ತುತ್ತ, ಇದನ್ನೇ ಆಡಿ, ಆದರೆ ಡಾಕ್ಟರ ಮಾತು ನಾಲ್ಕು ಸಾಲಾದರೂ ಇರಲಿ, ಸಹಾಯವಾಣಿಯ ನಂಬರನ್ನು ಎಲ್ಲರ ಕೈಲೂ ಒಟ್ಟಿಗೆ ಹೇಳಿಸಿ ಎಂದು ಹೊರಟರು. ಡಾಕ್ಟರ್ ಪಾತ್ರದವನು ಜೀಪು ತಿರುವು ದಾಟುವ ಮೊದಲೇ ಕೋಟು ಹಾಕಿಕೊಂಡಿದ್ದ.

ಮುಂದಿನ ಸಲ ನಾನು ಆಸ್ಪತ್ರೆಗೆ ಹೋದಾಗ ಬಾಗಿಲ ಪಕ್ಕದ ಗೋಡೆಗೆ ಹೊಸ ಬೋರ್ಡು ಬಂದಿತ್ತು, ಕಾರಿಡಾರಿನ ಆ ತುದಿಯಿಂದಲೇ ಕಾಣುವಂಥದ್ದು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡರೆ, “ಅಯ್ಯೋ, ನಮ್ಮ ಒಳ್ಳೇ ಸೀನು ಹೋಯ್ತಲ್ಲಮ್ಮ” ಎಂದರು. ಬಾಗಿಲಾಗಿ ನಿಲ್ಲುವುದು ಅವರಿಗೆ ಅಷ್ಟು ಇಷ್ಟವಾಗಿಬಿಟ್ಟಿತ್ತು.

ಪಟ್ಟಿಯ ಕೊನೆಯ ಊರು ಹೊಂಗನೂರು. ನಾನೇ ಕೊನೆಗೆ ಹಾಕಿಸಿಕೊಂಡಿದ್ದೆ. ಅಷ್ಟರಲ್ಲಿ ಚನ್ನಪಟ್ಟಣದವರೆಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆ. ಬೆಳಗಿನ ಜಾವದ ಎಚ್ಚರ ಪೂರ್ತಿ ಹೋಗಿರಲಿಲ್ಲ, ಆದರೆ ಅದಕ್ಕೆ ಹೆದರಿ ಮಲಗುವುದು ನಿಂತಿತ್ತು. ಮನೆಯಲ್ಲಿ ಮಾತ್ರ ಇನ್ನೂ ಹೇಳಿರಲಿಲ್ಲ. ಅವ್ವ ನನ್ನ ನಾಟಕವನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಸಂಜೆ ಮನೆಯ ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಮುಗಿಸಿ, ಹೆಂಗಸರ ಜೊತೆ ಬಂದು ಅರಳಿಕಟ್ಟೆಯ ತುದಿಯಲ್ಲಿ ಕೂತಳು. ನಾನು ಅವಳ ಕಡೆ ತಿರುಗಿ ಹೇಳಬೇಕಾದ ಮಾತನ್ನು ಎರಡು ಸಲ ಬೇರೆ ಕಡೆಗೇ ಹೇಳಿ ಮುಗಿಸಿದೆ. ಅಕ್ಕ ‘ನನ್ ಮಗಳು ಊಟ ಬುಟ್ಟವ್ಳೆ’ ಎಂದಾಗ ಎಲ್ಲರೂ ನಕ್ಕರು, ಅವ್ವ ನಗಲಿಲ್ಲ.

ಮನೆಗೆ ಹೋಗುವಾಗ ಇಬ್ಬರೇ ಇದ್ದೆವು. ಅವ್ವ ಮುಂದೆ, ನಾನು ಹಿಂದೆ.

“ಆ ಮಗಳು ನೀನೇ ಅಲ್ವಾ” ಎಂದಳು, ತಿರುಗಿ ನೋಡದೆ.

“ಹೂಂ.”

“ನೀನ್ ಜಾವ್ದಲ್ಲಿ ಎದ್ದು ಕೂತ್ಕೊಳ್ಳೋದು ನಂಗ್ಗೊತ್ತಿತ್ತು. ನೀರ್ ಕುಡಿಯೋ ಸದ್ದು ಕೇಳ್ತಿತ್ತು. ನಾಟ್ಕದ್ ಮಾತು ಓದ್ಕೊಳಕೆ ಏಳ್ತಾಳೆ ಅಂದ್ಕೊಂಡೆ.”

ನೀನೂ ಎದ್ದಿರುತ್ತಿದ್ದೆಯಾ ಎಂದು ಕೇಳಿದೆ. ನಾಟಕ ಬಿಡು ಎನ್ನುತ್ತಾಳೆ ಎಂದು ಕಾಯುತ್ತಿದ್ದೆ.

“ಆಸ್ಪತ್ರೇಲಿ ಆವಮ್ಮ ಚಿಕ್ ವಯಸ್ನೋರ್ನ ಮಾತ್ರ ಮಾತಾಡುಸ್ತಾರಾ” ಎಂದಳು, “ಇಲ್ಲ ನಮ್ಮಂಗ್ ವಯಸ್ಸಾದೋರ್ಗೂ ಚೀಟಿ ಮಾಡ್ಕೊಡ್ತಾರಾ?”

“ಎಲ್ಲರಿಗೂ ಮಾಡ್ಕೊಡ್ತಾರೆ ಅವ್ವ.”

“ಅಂಗಾದ್ರೆ ಮುಂದಿನ್ ವಾರ ನಾನೂ ಬತ್ತೀನಿ. ಹುಳ ಹಣ್ಣಾಗಿ ಗೂಡ್ ಕಟ್ಟೋದ್ರೊಳ್ಗೆ ಓಗ್ಬುಟ್ ಬರಾನ.”